ಐದು ಯೋಜನೆ ದೂರದ ಕೆರೆ

"ಪ್ರಭು, ಇನ್ನು ಮೇಲೆ ನಮ್ಮ ರಾಜ್ಯದಲ್ಲಿ ಯೋಜನೆಯಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗಾಡುವುದಿಲ್ಲ" ಎಂದು ಮಂತ್ರಿ ವೆಂಕಟಪತಯ್ಯ ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ.

ಹೊಂಬಾಳೆಪುರದ ಅರಸ ಮುದ್ದವೀರ ನಾಯಕನಿಗೆ ರಾಜ್ಯ ಉದ್ಧಾರವಾಗಬೇಕೆಂಬ ಆಸೆ. ಆಸೆಯೇನೋ ಒಳ್ಳೆಯದೇ. ಅದಕ್ಕೆಂದು ಅಭಿವೃದ್ಧಿ ಯೋಜನಾ ಇಲಾಖೆಯನ್ನು ತೆರೆದು, ವೆಂಕಟಪತಯ್ಯನಿಗೆ ಒಪ್ಪಿಸಿದ್ದ. ಇಲಾಖೆಯ ಒಪ್ಪಿಗೆಯಿಲ್ಲದೆ ಕೆರೆ, ಬಾವಿ, ದಾರಿ ಯಾವುದನ್ನೂ ಯಾರೂ ಮುಟ್ಟಕೂಡದು ಎಂದು ತಾನೇ ಮುದ್ರೆ ಒತ್ತಿ ಕಟ್ಟಳೆಯನ್ನೂ ಮಾಡಿದ್ದ.

"ನಮ್ಮದು ಐದು ಶಾಖೆ, ಪ್ರಭು. ಸಮೀಕ್ಷೆ ಶಾಖೆ ನೋಡುತ್ತದೆ. ಅಂದಾಜು ಶಾಖೆ ಎಣಿಸುತ್ತದೆ. ಸಮನ್ವಯ ಶಾಖೆ ಅವರಿಬ್ಬರನ್ನೂ ಮಾತಾಡಿಸುತ್ತದೆ. ಉಸ್ತುವಾರಿ ಶಾಖೆ ಆ ಮೂವರನ್ನೂ ಕಾಯುತ್ತದೆ. ಮೌಲ್ಯಮಾಪನ ಶಾಖೆ ಎಲ್ಲರಿಗೂ ಶಹಬ್ಬಾಸ್ ಹೇಳುತ್ತದೆ. ಯಾವ ಕೆಲಸಕ್ಕಾದರೂ ಐವರೂ ಒಂದೊಂದು ಯೋಜನೆ ಬರೆದು ಮುಗಿಸಬೇಕು."

"ಕೆಲಸ ಮಾಡುವ ಶಾಖೆ ಯಾವುದು, ಮಂತ್ರಿಗಳೇ?" ಎಂದು ಕೇಳಿದ ಸಂಕಣ್ಣ. ಆಸ್ಥಾನದಲ್ಲಿ ಅವನಿಗೆ ಇಂಥದೇ ಕೆಲಸ ಅಂತ ಇರಲಿಲ್ಲ. ಅರಸನಿಗೆ ಬೇಸರವಾದಾಗ ಮಾತಾಡಬೇಕು, ಅಷ್ಟೆ.

"ಅದು ನಮ್ಮ ಇಲಾಖೆಗೆ ಬರುವುದಿಲ್ಲ" ಎಂದ ಮಂತ್ರಿ.

ಅಷ್ಟರಲ್ಲಿ ಕೊಕ್ಕರೆಹಳ್ಳಿಯ ದ್ಯಾವಮ್ಮ ಬಾಗಿಲಲ್ಲಿ ಕಾವಲುಗಾರನ ಜೊತೆ ಜಗಳವಾಡಿಕೊಂಡೇ ಒಳಗೆ ನುಗ್ಗಿದಳು. ಕೊಟ್ಟಿಗೆ ಗುಡಿಸಿ ನೇರ ಬಂದವಳು. ಸೀರೆ ಇನ್ನೂ ಎತ್ತಿ ಕಟ್ಟಿಯೇ ಇತ್ತು.

"ಬುದ್ಧೀ, ನಮ್ಮೂರ ಕೆರೆ ಏರಿ ಒಸರ್ತಾ ಐತೆ. ಮೊನ್ನೆ ಗಂಟ ತಿಳಿನೀರು ಬರ್ತಿತ್ತು, ಇವತ್ತು ಕೆಸರುನೀರು. ಒಳಗಿನ ಮಣ್ಣೇ ಕೊಚ್ಕೊಂಡು ಬರ್ತಾ ಐತೆ. ಏರಿ ಕೆಳಗೇ ನಮ್ಮ ಮನೆಗಳು. ಇನ್ನೊಂದು ಮಳೆ ಬಂದ್ರೆ ಮಕ್ಕಳು ಮರಿ ಎಲ್ಲಾ ನೀರುಪಾಲು. ಮಣ್ಣು ನಾವೇ ಹಾಕ್ಕೊತೀವಿ, ಅಪ್ಪಣೆ ಒಂದು ಕೊಡಿ."

ಅರಸ ಮಂತ್ರಿಯ ಕಡೆ ನೋಡಿದ.

"ಆ ಅರ್ಜಿ ಇಲಾಖೆಯಲ್ಲಿದೆ ಪ್ರಭು. ಐದೂ ಯೋಜನೆ ಮುಗಿಯಲಿ. ಈಗಲೇ ಮಣ್ಣು ಹಾಕಿಬಿಟ್ಟರೆ ಸಮೀಕ್ಷೆಯವರಿಗೆ ನೋಡಲು ಏನು ಉಳಿಯುತ್ತದೆ?"

ಅರಸನಿಗೆ ಇದು ಸರಿ ಅನ್ನಿಸಿತು. ದ್ಯಾವಮ್ಮನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಸಂಕಣ್ಣ ಎದ್ದು ನಿಂತ.

"ಪ್ರಭುಗಳು ಒಮ್ಮೆ ಕಣ್ಣಾರೆ ನೋಡಿ ಬರಬಹುದಲ್ಲ?" ಎಂದ.

"ಎಷ್ಟು ದೂರ?"

"ಐದು ಯೋಜನೆ ದೂರ."

ಆ ಕಾಲದಲ್ಲಿ ದೂರವನ್ನೂ ಯೋಜನೆಯಲ್ಲೇ ಅಳೆಯುತ್ತಿದ್ದರು. ಒಂದು ಯೋಜನೆ ಎಂದರೆ ಎತ್ತಿನ ಗಾಡಿಗೆ ಅರ್ಧ ಹಗಲಿನ ದಾರಿ. ದ್ಯಾವಮ್ಮ ಏನೋ ಹೇಳಲು ಬಾಯಿ ತೆರೆದಳು. ಸಂಕಣ್ಣ ಜೋರಾಗಿ ಕೆಮ್ಮಿದ.

"ಹೌದೇನಯ್ಯಾ?" ಎಂದು ಅರಸ ಮಂತ್ರಿಯನ್ನು ಕೇಳಿದ.

ವೆಂಕಟಪತಯ್ಯ ಕೊಕ್ಕರೆಹಳ್ಳಿಯನ್ನು ಕಂಡವನೇ ಅಲ್ಲ. ಹಾಗೆಂದು ಸಭೆಯಲ್ಲಿ ಹೇಳಿಕೊಳ್ಳಲಾಗುತ್ತದೆಯೇ? "ಹೌದು ಪ್ರಭು. ನಮ್ಮ ಸಮೀಕ್ಷೆಯ ಪ್ರಕಾರ ಐದಕ್ಕಿಂತ ಒಂದಿಷ್ಟು ಹೆಚ್ಚೇ."

ಅಷ್ಟು ದೂರ ಎಂದ ಮೇಲೆ ಅರಸ ಸುಮ್ಮನೆ ಹೊರಡುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಡೇರೆ, ಹಾಸಿಗೆ, ಅಡುಗೆಯವರು, ಆನೆಗಳು ಎಲ್ಲ ಸಿದ್ಧವಾದವು. ಮಳೆನೀರು ನುಗ್ಗದಂತೆ ಡೇರೆಯ ಸುತ್ತ ಕಾಲುವೆ ತೋಡುವ ಆಳುಗಳು ಗುದ್ದಲಿ, ಹಾರೆ, ಬುಟ್ಟಿ ಹೊತ್ತು ಸಾಲಾಗಿ ನಿಂತರು. ರಾಣಿಯರು ಆರತಿ ಎತ್ತಿ ಕಣ್ಣೊರೆಸಿಕೊಂಡರು.

ಮೆರವಣಿಗೆ ಕೋಟೆ ಬಾಗಿಲು ದಾಟಿತು. ಒಂದು ಮಾವಿನ ತೋಪು ದಾಟಿತು. ಅರಸನ ಬಾಯಲ್ಲಿದ್ದ ಎಲೆಯಡಿಕೆ ಇನ್ನೂ ಮುಗಿದಿರಲಿಲ್ಲ.

"ಇಳಿಯಿರಿ ಪ್ರಭು. ಬಂದೆವು" ಎಂದ ಸಂಕಣ್ಣ.

ಅರಸ ಹಿಂದೆ ತಿರುಗಿದರೆ ಅರಮನೆಯ ಅಡುಗೆಮನೆ ಹೊಗೆ ಕಾಣುತ್ತಿತ್ತು. ಮುಂದೆ ತಿರುಗಿದರೆ ಕೆರೆ ಏರಿ. ಅದರ ನಡುವಿಂದ ಕೆಂಪು ನೀರು ಬುಳುಬುಳು ಬರುತ್ತಿತ್ತು. ಕೆಳಗೆ ಸಾಲು ಮನೆಗಳು, ಅಂಗಳದಲ್ಲಿ ಅಂಬೆಗಾಲಿಡುವ ಕೂಸುಗಳು. ಸಂಕಣ್ಣನನ್ನು ಬೈಯಲು ಹೊರಟಿದ್ದ ಅರಸ ಅದನ್ನು ಬಿಟ್ಟು ಆನೆಯಿಂದ ಕೆಳಗಿಳಿದ.

"ಮೊದಲು ಮಣ್ಣು ಹಾಕಿ!" ಎಂದು ಕೂಗಿದ.

"ಪ್ರಭು, ಯೋಜನೆಯಾಗಿಲ್ಲ" ಎಂದ ಮಂತ್ರಿ. "ಕಟ್ಟಳೆಗೆ ತಮ್ಮದೇ ಮುದ್ರೆಯಿದೆ. ತಾವೇ ಮುರಿದರೆ ಪ್ರಜೆಗಳು ಏನೆಂದುಕೊಂಡಾರು?"

ಅರಸ ಸಿಕ್ಕಿಬಿದ್ದ. ಸಂಕಣ್ಣ ಮುಂದೆ ಬಂದು ಕೈಮುಗಿದ.

"ಮಂತ್ರಿಗಳು ಹೇಳಿದ್ದು ಸರಿ. ಏರಿ ಕೆಲಸ ಬೇಡ. ಐದು ಯೋಜನೆ ಬಂದಿದ್ದೇವೆ, ಬಿಡಾರ ಹೂಡೋಣ. ಬಿಡಾರ ಅರಮನೆಯ ಕೆಲಸ, ಇಲಾಖೆಗೆ ಬರುವುದಿಲ್ಲ ತಾನೆ?"

"ಬರುವುದಿಲ್ಲ" ಎಂದ ಮಂತ್ರಿ, ಹುಷಾರಾಗಿ.

"ಡೇರೆಯ ಸುತ್ತ ಕಾಲುವೆ ತೋಡಬೇಕು. ಪ್ರಭುಗಳ ಡೇರೆ, ಆಳವಾಗಿಯೇ ಇರಲಿ. ತೆಗೆದ ಮಣ್ಣನ್ನು ಎಲ್ಲಾದರೂ ಎಸೆಯಬೇಕಲ್ಲ? ಅಗೋ, ಅಲ್ಲಿ ಎಸೆಯಲಿ" ಎಂದು ಸಂಕಣ್ಣ ಏರಿಯ ಕಡೆ ಕೈ ತೋರಿಸಿದ.

ಎಸೆದದ್ದನ್ನು ಆನೆಗಳು ತುಳಿದವು. ಊರಿನವರೆಲ್ಲ ಅರಸರ ಬಿಡಾರಕ್ಕೆ ನೆರವಾಗಲು ಓಡಿಬಂದರು. ದ್ಯಾವಮ್ಮ ಎಲ್ಲರಿಗಿಂತ ಮುಂದೆ. ಹೊತ್ತು ಇಳಿಯುವಷ್ಟರಲ್ಲಿ ಒಸರು ನಿಂತಿತು. ದ್ಯಾವಮ್ಮ ಏರಿಗೆ ಅಂಗೈ ಒತ್ತಿ ನೋಡಿ, ಅಲ್ಲೇ ಕೂತು ಅತ್ತುಬಿಟ್ಟಳು.

ಅರಸ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ. "ಸಂಕಣ್ಣಾ, ಈಗ ಹೇಳು. ಇದು ಐದು ಯೋಜನೆಯೇನೋ? ಲೆಕ್ಕ ಒಪ್ಪಿಸದಿದ್ದರೆ ತಲೆ ಹೋಗುತ್ತದೆ."

"ದ್ಯಾವಮ್ಮನ ಕಾಲಿಗೆ ಕೂಗಳತೆ ದೂರ, ಪ್ರಭು. ಅವಳ ಅರ್ಜಿಗೆ ಸಮೀಕ್ಷೆ ಒಂದು ಯೋಜನೆ, ಅಂದಾಜು ಒಂದು, ಸಮನ್ವಯ ಒಂದು, ಉಸ್ತುವಾರಿ ಒಂದು, ಮೌಲ್ಯಮಾಪನ ಒಂದು. ಒಟ್ಟು ಐದು. ಮಂತ್ರಿಗಳು ಇನ್ನೂ ಒಂದಿಷ್ಟು ಹೆಚ್ಚು ಎಂದರು. ಅವರಿಗೆ ನನಗಿಂತ ಚೆನ್ನಾಗಿ ಗೊತ್ತು."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊದ್ದಿದ್ದ ಶಾಲನ್ನು ಸಂಕಣ್ಣನಿಗೆ ಹೊದಿಸಿ, ಮಂತ್ರಿಗೆ ಹೇಳಿದ: "ವೆಂಕಟಪತಯ್ಯಾ, ನಾಳೆಯಿಂದ ನಿಮ್ಮ ಐದೂ ಶಾಖೆ ಇಲ್ಲೇ, ಈ ಏರಿ ಕೆಳಗೇ ಕೂರಲಿ. ನಿಮ್ಮ ಸಂಸಾರವೂ ಇಲ್ಲೇ ಇರಲಿ."

ಮಂತ್ರಿ ಏರಿಯನ್ನು ಮೊದಲ ಸಲ ಗಮನವಿಟ್ಟು ನೋಡಿದ. ಮೋಡವನ್ನು ನೋಡಿದ. ಆಮೇಲೆ ಪಂಚೆಯನ್ನು ಮೇಲೆತ್ತಿ ಕಟ್ಟಿ, ಒಬ್ಬ ಆಳಿನ ಬುಟ್ಟಿಗೆ ಕೈಹಾಕಿದ. ಆಳು ಬುಟ್ಟಿ ಬಿಡಲಿಲ್ಲ.

"ಮಂತ್ರಿಗಳೇ, ಮೊದಲು ಸಮೀಕ್ಷೆ ಆಗಬೇಡವೇ?" ಎಂದ ಸಂಕಣ್ಣ.

"ಆಯಿತು, ಸುಮ್ಮನಿರಯ್ಯಾ! ಬುಟ್ಟಿ ಬಿಡಿಸಿಕೊಡು" ಎಂದ ಮಂತ್ರಿ.