ಹಲಗೆಯ ಮೇಲೆ ‘ಗೊತ್ತಿಲ್ಲ’

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮಶಾಲೆ. ಅದರ ಹೊರಗೋಡೆಗೆ ಒಂದು ಕರಿಹಲಗೆ.

ವಿಜ್ಞಾನ ಕಲಿಸುವ ಈರಯ್ಯನವರು, ಊರಿಗೆಲ್ಲ ಅಜ್ಜಾರು, ದಿನಾ ಸಂಜೆ ಆ ಹಲಗೆಯ ಮೇಲೆ ನಾಳಿನ ಹವಾಮಾನ ಬರೆಯುತ್ತಿದ್ದರು. ಮಕ್ಕಳು ಗಾಳಿ ಯಾವ ಕಡೆಯದು, ಉಷ್ಣತೆ ಎಷ್ಟು, ಮೋಡ ಎಂಥದು ಎಂದು ನೋಡಿ ಬಂದು ಹೇಳುವರು. ಅಜ್ಜಾರು ಎಲ್ಲ ಕೇಳಿ, ಒಮ್ಮೆ ಆಕಾಶ ನೋಡಿ, ಒಂದೇ ಮಾತು ಬರೆಯುವರು. ಬಿಸಿಲು. ಮಳೆ. ಮಂಜು.

ತಿಂಗಳಿಗೆ ಏಳೆಂಟು ದಿನ ಅವರು ಬರೆಯುತ್ತಿದ್ದುದು: ಗೊತ್ತಿಲ್ಲ.

ಅದು ಮೆಣಸಿನಕಾಯಿ ಒಣಗಿಸುವ ಕಾಲ. ಊರ ಮುಂದಿನ ಕಣವೆಲ್ಲ ಕೆಂಪಾಗಿತ್ತು. ಒಂದು ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಹೀಗಾಗಿ ಹೆಂಗಸರು ನೀರಿಗೆ ಹೋಗುವಾಗ ಹಲಗೆ ಓದಿಕೊಂಡೇ ಹೋಗುತ್ತಿದ್ದರು. ಓದಲು ಬಾರದವರು ಓದಿಸಿಕೊಳ್ಳುತ್ತಿದ್ದರು.

ಕಸ್ತೂರಿ ಅಜ್ಜಾರ ಹಳೆಯ ವಿದ್ಯಾರ್ಥಿನಿ. ಬಿ.ಎಡ್. ಮುಗಿಸಿ ಅವರ ಹತ್ತಿರವೇ ಮರಳಿ ಬಂದಿದ್ದಳು. ಅಜ್ಜಾರ ಕಣ್ಣಿಗೆ ಪೊರೆ ಬಂದಿತ್ತು. ಬೇಸಿಗೆ ರಜೆ ಕಳೆದ ಮೇಲೆ ವಿಜ್ಞಾನದ ತರಗತಿ ಅವಳದು. ಅಲ್ಲಿಯವರೆಗೆ ಅವರ ಕೈಕೆಳಗೆ ಕಲಿಯಬೇಕು.

ಅವಳಿಗೆ ಇದ್ದದ್ದು ಒಂದೇ ಹೆದರಿಕೆ. ಮಕ್ಕಳು ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ? ಒಂದು ಪಾಠಕ್ಕೆ ಮೂರು ಪುಸ್ತಕ ಓದಿಕೊಂಡು ಬರುವಳು. ಮಕ್ಕಳು ನಾಲ್ಕನೆಯ ಪುಸ್ತಕದ್ದೇ ಕೇಳುವರು.

“ಅಜ್ಜಾರ, ಗ್ವಾಡಿ ಮ್ಯಾಲೆ ‘ಗೊತ್ತಿಲ್ಲ’ ಅಂತ ಬರದ್ರ ಮಂದಿ ನಗೂದಿಲ್ಲೇನ್ರೀ?”

“ನಗತಾರ.”

“ಮತ್ತ?”

“ನಕ್ಕೋತ ಓದತಾರ.”

“ಏನರ ಒಂದ್ ಬರೀಬಾರದೇನ್ರೀ? ಬಿಸಲು ಅಂತನೋ, ಮಳಿ ಅಂತನೋ. ಅರ್ಧಕ್ಕರ್ಧ ಖರೇ ಆಕ್ಕೈತಿ.”

ಅಜ್ಜಾರು ಕೈಗೆ ಅಂಟಿದ ಸೀಮೆಸುಣ್ಣ ಒರೆಸಿಕೊಂಡರು.

“‘ಗೊತ್ತಿಲ್ಲ’ ಅಂತ ಬರದಿರತೇನಲ್ಲ, ಅಂಥಾ ದಿನ ಒಮ್ಮೆ ಕಣಕ್ಕ ಹೋಗಿ ನೋಡಿ ಬಾ ತಂಗಿ.”

ಕಸ್ತೂರಿ ಹೋಗಲಿಲ್ಲ. ಮರುದಿನದ ಪಾಠಕ್ಕೆ ಟಿಪ್ಪಣಿ ಬರೆಯುವುದಿತ್ತು.

ಪಾಠ ಏಳನೆಯ ತರಗತಿಗೆ, ಜೀವಕೋಶದ್ದು. ಉಳ್ಳಾಗಡ್ಡಿಯ ತೆಳು ಪೊರೆ ಬಿಡಿಸಿ, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಒಬ್ಬೊಬ್ಬರಿಗೆ ತೋರಿಸಿದಳು. ಇಟ್ಟಿಗೆ ಕಟ್ಟಿದ ಹಾಗೆ ಸಾಲು ಸಾಲು ಕೋಶಗಳು. ಮಕ್ಕಳು ಬಾಯಿ ತೆರೆದು ನೋಡಿದರು. ಅಜ್ಜಾರು ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರು.

ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ಹೀಗೆಯೇ ನಾವು ಬೆಳೆಯುತ್ತೇವೆ ಎಂದು ಕಸ್ತೂರಿ ಹೇಳಿದಳು.

ಬನಶ್ರೀ ಎಂಬ ಹುಡುಗಿ ಎದ್ದು ನಿಂತಳು.

“ಟೀಚರ್, ಸಾಕು, ಇನ್ ನಿಲ್ಲು ಅಂತ ಕೋಶಕ್ಕ ಯಾರ್ ಹೇಳತಾರ್ರೀ?”

ಮೂರು ಪುಸ್ತಕದಲ್ಲಿ ಎಲ್ಲಿಯೂ ಇದು ಇರಲಿಲ್ಲ. ಕಸ್ತೂರಿ ಪುಸ್ತಕ ಮುಚ್ಚಿದಳು.

“ಅದು ಮುಂದಿನ ಕ್ಲಾಸಿನ್ಯಾಗ ಬರತೈತಿ. ಕುಂದ್ರು.”

ಬನಶ್ರೀ ಕೂತಳು. ಗಂಟೆ ಹೊಡೆದು ಉಳಿದ ಮಕ್ಕಳು ಹೋದರೂ ಅವಳು ಏಳಲಿಲ್ಲ. ಕಸ್ತೂರಿ ಹತ್ತಿರ ಹೋದಾಗ ಸಣ್ಣ ದನಿಯಲ್ಲಿ ಹೇಳಿದಳು.

“ನಮ್ಮವ್ವನ ಹೊಟ್ಟ್ಯಾಗ ಕೋಶ ಬೆಳ್ಯೂದ ನಿಲ್ಲವಲ್ಲವಂತ್ರೀ ಟೀಚರ್. ಹುಬ್ಬಳ್ಳಿ ದವಾಖಾನ್ಯಾಗ ಇಟ್ಟಾರ. ತಿಂಗಳಾತು.”

ಕಸ್ತೂರಿ ಅವಳ ಪಕ್ಕದಲ್ಲಿ ಕೂತಳು.

“ಆರಾಮ ಆಕ್ಕಾಳೇನ್ರೀ?”

ಹುಡುಗಿಯ ಕೆಳತುಟಿ ಅದುರುತ್ತಿತ್ತು. ಅದನ್ನು ನೋಡಲು ಕಸ್ತೂರಿಯ ಕೈಲಾಗಲಿಲ್ಲ.

“ಆಕ್ಕಾಳ. ಯುಗಾದಿಗೆ ಮನಿಗೆ ಬರತಾಳ ನೋಡು.”

“ಖರೇನ್ರೀ?”

“ಖರೇ.”

ಬನಶ್ರೀ ಕಣ್ಣೊರೆಸಿಕೊಂಡು ಜಿಗಿಯುತ್ತ ಹೊರಗೆ ಓಡಿದಳು. ಸದ್ಯ, ಒಂದು ಪ್ರಶ್ನೆಗಾದರೂ ಉತ್ತರ ಕೊಟ್ಟೆನಲ್ಲ ಎಂದು ಕಸ್ತೂರಿ ಉಸಿರು ಬಿಟ್ಟಳು.

ಹಿಂದಿನ ಬೆಂಚಿನಲ್ಲಿ ಅಜ್ಜಾರು ಗಾಜಿನ ಪಟ್ಟಿ ಒರೆಸುತ್ತಿದ್ದರು.

“ನೀ ಹೇಳಿದ್ದನ್ನ ಹಲಗಿ ಮ್ಯಾಲೆ ಬರೀಲೇನ ತಂಗಿ?”

ಕಸ್ತೂರಿಯ ಮುಖ ಕೆಂಪಾಯಿತು. “ಹುಡುಗಿ ಅಳಾಕತ್ತಿದ್ಲರೀ ಅಜ್ಜಾರ.”

“ಹ್ಞೂಂ,” ಎಂದರು ಅಜ್ಜಾರು. ಮತ್ತೆ ಗಾಜು ಒರೆಸಿದರು.

ಆ ‘ಹ್ಞೂಂ’ ಕಸ್ತೂರಿಯನ್ನು ಬಿಡಲಿಲ್ಲ. ಬನಶ್ರೀ ಹಾಸ್ಟೆಲಿನ ಗೋಡೆಗೆ ಇದ್ದಿಲಿನಿಂದ ಗೀಟು ಎಳೆದಿದ್ದಳು, ಯುಗಾದಿಗೆ ಎಷ್ಟು ದಿನವೋ ಅಷ್ಟು. ದಿನಕ್ಕೊಂದು ಗೀಟು ಅಳಿಸುವಳು. “ನಮ್ಮವ್ವ ಬರತಾಳ, ಟೀಚರ್ ಹೇಳ್ಯಾರ,” ಎಂದು ಕಂಡಕಂಡವರಿಗೆ ಹೇಳುವಳು. ಆ ಗೋಡೆಯ ಮುಂದೆ ಹಾಯುವಾಗ ಕಸ್ತೂರಿ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಎಂಟನೆಯ ದಿನ ಶನಿವಾರ. ಮಧ್ಯಾಹ್ನ ಬನಶ್ರೀಯ ಸೋದರಮಾವ ದ್ಯಾಮಣ್ಣ ಹುಬ್ಬಳ್ಳಿಯಿಂದ ಬಂದ. ಅಂಗಿ ಮುದುಡಿತ್ತು, ಗಡ್ಡ ಬೆಳೆದಿತ್ತು.

“ಡಾಕ್ಟರು ಹುಡುಗೀನ ಕರಕೊಂಡ್ ಬಾ ಅಂದಾರ್ರೀ,” ಎಂದ. ಯಾಕೆ ಎಂದು ಯಾರೂ ಕೇಳಲಿಲ್ಲ. “ಮೂರೂವರಿ ಬಸ್ಸಿಗೇ ಹೋಗಬೇಕು.”

ಬನಶ್ರೀ ಪಡಸಾಲೆಯ ಕಂಬ ಅಪ್ಪಿಕೊಂಡಳು.

“ನಾ ಬರೂದಿಲ್ಲ. ದವಾಖಾನಿ ನೋಡಿದ್ರ ನನಗ ಅಂಜಿಕಿ ಬರತೈತಿ. ಅವ್ವನೇ ಯುಗಾದಿಗೆ ಮನಿಗೆ ಬರತಾಳ. ಟೀಚರ್ ಖರೇ ಅಂದಾರ.”

“ಅವ್ವ ನಿನ್ನ ಹೆಸರ ಹಿಡದ್ ಕರ್ಯಾಕತ್ತಾಳವಾ.”

“ಯುಗಾದಿಗೆ ಹೆಂಗೂ ಬರತಾಳಲ್ಲ!”

ದ್ಯಾಮಣ್ಣ ಎಳೆದು ನೋಡಿದ. ಹುಡುಗಿ ಕಿರುಚಿಕೊಂಡಳು. ಅವನು ಕೈಬಿಟ್ಟು ಕಸ್ತೂರಿಯ ಕಡೆ ತಿರುಗಿದ. ಅವನ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ತಾಳಿಕೊಳ್ಳಬಹುದಿತ್ತು.

“ಟೀಚರ, ನೀವ ಹೇಳಿದ್ದಂತ. ನೀವ ಏನರ ಹೇಳ್ರಿ.”

ಆಗಲೇ ಎರಡೂವರೆ ಆಗಿತ್ತು. ಕಸ್ತೂರಿ ಹೊಳೆಯ ಕಡೆ ಓಡಿದಳು. ಅಜ್ಜಾರು ದಂಡೆಯ ಮೇಲೆ ಮಳೆಮಾಪಕದ ಗಾಜು ತೊಳೆಯುತ್ತಿದ್ದರು.

“ಅಜ್ಜಾರ, ನಾ ಈಗ ಆ ಹುಡುಗಿಗೆ ಏನ್ ಹೇಳ್ಲಿ? ಆರಾಮ ಆಕ್ಕಾಳ ಅಂತ ಹೇಳಿ ತಪ್ಪಿದೆ. ಸಾಯ್ತಾಳ ಅಂತ ಹೇಳ್ಲೇನ್ರೀ? ಅದೂ ನನಗ ಗೊತ್ತಿಲ್ಲ. ಮತ್ತೇನ್ ಉಳೀತರೀ ಹೇಳಾಕ?”

ಅವಳಿಗೆ ಅಳು ಬಂತು. ಅಜ್ಜಾರು ಗಾಜು ಕೆಳಗಿಟ್ಟರು.

“ಇವತ್ತಿನ ಹಲಗಿ ಓದೀಯೇನು?”

“‘ಗೊತ್ತಿಲ್ಲ’ ಅಂತ ಐತ್ರೀ.”

“ಹಂಗಾರ ಕಣಕ್ಕ ಹೋಗಿ ಬಾ.”

“ಅಜ್ಜಾರ! ಮೂರೂವರಿಗೆ ಬಸ್ಸರೀ!”

“ಅದಕ್ಕ ಲಗೂನ ಹೋಗು.”

ಕಸ್ತೂರಿ ಒಳಗೊಳಗೇ ಬೈದುಕೊಳ್ಳುತ್ತ ಓಡಿದಳು. ಗುರುವನ್ನು ಒಮ್ಮೆಯೂ ಬೈದುಕೊಳ್ಳದ ಶಿಷ್ಯರು ಪುಣ್ಯವಂತರು. ಅವರಿಗೆ ಬಸ್ಸು ಹಿಡಿಯುವುದಿರುವುದಿಲ್ಲ.

ಆಕಾಶ ಅರ್ಧ ಬಿಸಿಲು, ಅರ್ಧ ಮೋಡ. ಗಾಳಿ ಒಮ್ಮೆ ಬೀಸಿ ಒಮ್ಮೆ ನಿಲ್ಲುತ್ತಿತ್ತು. ಕಣದ ತುಂಬ ಮೆಣಸಿನಕಾಯಿ ಹರವಿತ್ತು. ಪ್ರತಿ ರಾಶಿಯ ಪಕ್ಕದಲ್ಲೂ ಒಬ್ಬೊಬ್ಬರು ಕೂತಿದ್ದರು. ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಒಬ್ಬಳು ಅಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. ಎಲ್ಲರ ಮಗ್ಗುಲಲ್ಲೂ ರಾಶಿ ಮುಚ್ಚಲು ಸುತ್ತಿಟ್ಟ ತಾಡಪತ್ರಿ.

ಶಾಲೆಯ ಅಡುಗೆಗೆ ಬರುವ ಕಾಶವ್ವನೂ ಅಲ್ಲಿದ್ದಳು. ರೇಷ್ಮೆ ಸೀರೆ ಉಟ್ಟುಕೊಂಡೇ ಮಣ್ಣಲ್ಲಿ ಕೂತಿದ್ದಳು.

“ಕಾಶಕ್ಕ, ನೀ ಇವತ್ತ ತಂಗಿ ಮಗಳ ಕುಬಸದ ಕಾರ್ಯಕ್ಕ ಹೋಗಾಕಿ ಇದ್ದೆಲ್ಲ?”

“ಹೆಂಗ್ ಹೋಗ್ಲೆವ್ವಾ? ಅಜ್ಜಾರು ‘ಗೊತ್ತಿಲ್ಲ’ ಅಂತ ಬರದಾರಲ್ಲ.”

“ಅದಕ್ಕ ಇಲ್ಲಿ ಕುಂದರಬೇಕೇನು?”

ಕಾಶವ್ವ ನಕ್ಕಳು. ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎನ್ನುವ ನಗು ಅದು.

“ಮಳಿ ಅಂತ ಬರದಿದ್ರ ಮುಚ್ಚಿ ಹೋಗತಿದ್ವಿ. ಬಿಸಲು ಅಂತ ಬರದಿದ್ರ ಹರವಿ ಹೋಗತಿದ್ವಿ. ಗೊತ್ತಿಲ್ಲ ಅಂದ್ರ ಬಿಟ್ಟು ಹೋಗಾಕ ಬರತೈತೇನು? ಹತ್ರನ ಇರಬೇಕು.”

ಕಸ್ತೂರಿ ಒಂದು ಗಳಿಗೆ ಅಲ್ಲೇ ನಿಂತಳು. ಆಮೇಲೆ ಓಡಿದ ಓಟಕ್ಕೆ ಅವಳ ಚಪ್ಪಲಿಯ ಉಂಗುಷ್ಟದ ಪಟ್ಟಿ ಹರಿಯಿತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಓಡಿದಳು.

ಬನಶ್ರೀ ಇನ್ನೂ ಕಂಬ ಬಿಟ್ಟಿರಲಿಲ್ಲ. ಕಸ್ತೂರಿ ಅವಳ ಮುಂದೆ ನೆಲದ ಮೇಲೆ ಕೂತಳು. ಏದುಸಿರು ಬರುತ್ತಿತ್ತು.

“ಬನಶ್ರೀ, ನಾ ಆವತ್ತ ಹೇಳಿದ್ದು ನನಗ ಗೊತ್ತಿರಲಿಲ್ಲ.”

“ಏನ್ ಗೊತ್ತಿರಲಿಲ್ಲ?”

“ನಿಮ್ಮವ್ವ ಯುಗಾದಿಗೆ ಬರತಾಳ ಅಂದೆಲ್ಲ, ಅದು. ಗೊತ್ತಿಲ್ಲದ ಹೇಳಿಬಿಟ್ಟೆ.”

“ಖರೇ ಅಂದ್ರೆಲ್ಲ!”

“ಅಂದೆ. ನೀ ಅಳಾಕತ್ತಿದ್ದಿ. ನನಗ ನೋಡಾಕ ಆಗಲಿಲ್ಲ. ಅದಕ್ಕ ಅಂದೆ. ತಪ್ಪಾತು.”

ಹುಡುಗಿ ಮುಷ್ಟಿ ಕಟ್ಟಿ ಕಸ್ತೂರಿಯ ಭುಜಕ್ಕೆ ಗುದ್ದಿದಳು. ಒಮ್ಮೆ, ಇನ್ನೊಮ್ಮೆ. ಕಸ್ತೂರಿ ಸರಿಯಲಿಲ್ಲ.

“ಅವ್ವ ಸಾಯ್ತಾಳೇನ್ರೀ?”

“ಗೊತ್ತಿಲ್ಲ.”

ಆ ಮಾತು ಬಾಯಿಂದ ಹೊರಬೀಳುವಾಗ ಕಸ್ತೂರಿಯ ತುಟಿಯೂ ಅದುರಿತು. ಆದರೆ ಈ ಸಲ ಹುಡುಗಿಯ ಮುಖದಿಂದ ಕಣ್ಣು ಕೀಳಲಿಲ್ಲ.

“ನನಗ ಗೊತ್ತಿಲ್ಲ. ನಿಮ್ಮ ಮಾವಗೂ ಗೊತ್ತಿಲ್ಲ. ಅದಕ್ಕ ನೀ ಹೋಗಬೇಕು. ಅವ್ವನ ಹತ್ರ ಕುಂದರಬೇಕು.”

“ನನಗ ಅಂಜಿಕಿ ಬರತೈತ್ರೀ.”

“ಬರತೈತಿ. ಅಂಜಿಕೋತನ ಹೋಗು.”

ಬನಶ್ರೀ ಬಹಳ ಹೊತ್ತು ಕಂಬಕ್ಕೆ ಹಣೆ ಒತ್ತಿ ನಿಂತಳು. ದ್ಯಾಮಣ್ಣ ಗಡಿಯಾರ ನೋಡಿಕೊಂಡ. ಆಮೇಲೆ ಹುಡುಗಿ ಕೈಬಿಟ್ಟು ಒಳಗೆ ಹೋಗಿ ಚೀಲ ತಂದಳು. ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಕೋಶಕ್ಕ ನಿಲ್ಲು ಅಂತ ಯಾರ್ ಹೇಳತಾರ ಅಂತ ಕೇಳಿದ್ನೆಲ್ಲ. ಅದೂ ಗೊತ್ತಿಲ್ಲೇನ್ರೀ ನಿಮಗ?”

“ಪೂರಾ ಗೊತ್ತಿಲ್ಲ. ಓದತೇನಿ. ನೀ ಬಂದ ಮ್ಯಾಲೆ ಇಬ್ಬರೂ ಕೂಡಿ ಓದೂಣು.”

ಬನಶ್ರೀ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಬಸ್ಸು ಧೂಳೆಬ್ಬಿಸುತ್ತ ಬಂತು. ಹುಡುಗಿ ಕಿಟಕಿಯ ಬದಿಗೆ ಕೂತಳು. ಕಸ್ತೂರಿ ಕೈಯೆತ್ತಿದಳು. ಹುಡುಗಿ ಇವಳ ಕಡೆ ನೋಡಲಿಲ್ಲ, ಹುಬ್ಬಳ್ಳಿಯ ದಾರಿಯನ್ನೇ ನೋಡುತ್ತಿದ್ದಳು. ಬಸ್ಸು ಸೇತುವೆ ದಾಟಿ ಮರೆಯಾಯಿತು.

ಕಸ್ತೂರಿ ರಸ್ತೆಯ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಕೈಯಲ್ಲಿ ಹರಿದ ಚಪ್ಪಲಿ ಹಾಗೇ ಇತ್ತು. ಎಂಟು ದಿನ ಮೊದಲೇ ಈ ಮಾತು ಹೇಳಿದ್ದರೆ ಹುಡುಗಿ ಎಂಟು ದಿನ ಅವ್ವನ ಹತ್ತಿರ ಇರುತ್ತಿದ್ದಳಲ್ಲ ಎಂಬುದು ಈಗ ಅವಳಿಗೆ ಹೊಳೆಯಿತು.

ಅಜ್ಜಾರು ಕೋಲೂರಿಕೊಂಡು ನಿಧಾನವಾಗಿ ಬಂದು ಅವಳ ಪಕ್ಕದಲ್ಲಿ ಕೂತರು. ಪೊರೆಗಣ್ಣಿಗೆ ರಸ್ತೆ ಎಷ್ಟು ಕಾಣುತ್ತಿತ್ತೋ ಏನೋ, ಅದನ್ನೇ ನೋಡುತ್ತ ಕೂತರು.

ಮೋಡ ಸರಿದು ಬಿಸಿಲು ಬಂತು. ಮತ್ತೆ ಮೋಡ ಮುಚ್ಚಿತು. ಸಂಜೆಯಾಗುತ್ತ ಬಂತು. ಶಾಲೆಯ ಕಡೆಯಿಂದ ಮಕ್ಕಳು ಕೂಗಿದರು.

“ಅಜ್ಜಾರ, ಹಲಗಿ ಬರಿಯೂ ಹೊತ್ತಾತ್ರೀ!”

ಅಜ್ಜಾರು ಏಳಲಿಲ್ಲ.

“ನೀವ್ ಹೋಗ್ರಿ ಅಜ್ಜಾರ,” ಎಂದಳು ಕಸ್ತೂರಿ. “ನಾ ಇಲ್ಲೇ ಸ್ವಲ್ಪ ಹೊತ್ತು ಕುಂದರತೇನಿ.”

ಅಜ್ಜಾರು ಆಗಲೂ ಏಳಲಿಲ್ಲ.

“ಹುಡುಗಿ ಹೊತ್ತಿಗೆ ಮುಟ್ಟತಾಳೇನ್ರೀ?”

ಅಜ್ಜಾರು ಸೇತುವೆಯ ಕಡೆ ತಿರುಗಿದರು.

“ಇಷ್ಟೆಲ್ಲ ಮಾಡಿ, ಇನ್ ನಾ ಮಕ್ಕಳಿಗೆ ಕಲಸಾಕ ಲಾಯಕ್ ಅದೀನೇನ್ರೀ, ಅಜ್ಜಾರ?”

ಅಜ್ಜಾರು ಕೋಲನ್ನು ಕೆಳಗಿಟ್ಟು, ಕಟ್ಟೆಯ ಮೇಲೆ ಕಾಲು ಮಡಚಿ ಸರಿಯಾಗಿ ಕೂತರು.

“ಗೊತ್ತಿಲ್ಲ ತಂಗಿ. ಅದಕ್ಕ ಇಲ್ಲೇ ಕುಂತೇನಿ.”