ಗುತ್ತೆವ್ವನ ಬಾಯಿಯ ಉರಿ

ಬ್ಯಾಡಗಿಯ ಒಂದು ಗೋದಾಮಿನಲ್ಲಿ ಗುತ್ತೆವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಧ್ಯಾಹ್ನ ಹತ್ತು ಹೆಂಗಸರು ಸುತ್ತ ಕೂತು ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುವ ಹೊತ್ತಿಗಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳು.

ಅವಳ ದವಡೆ ಹಲ್ಲು ಹುಳುಕಾಯಿತು. ಹಲ್ಲಿನ ಡಾಕ್ಟರ್ ಮಹಾರುದ್ರಪ್ಪನವರು ಚಿಕಿತ್ಸೆ ಮಾಡಿ ಅದಕ್ಕೆ ಲೋಹದ ಕ್ಯಾಪ್ ಕೂರಿಸಿದರು. ಕೈಗುಣವಿದ್ದ ಮನುಷ್ಯ, ಆದರೆ ಸದಾ ಅವಸರ.

ಕೆಲವೇ ದಿನಗಳಲ್ಲಿ ಗುತ್ತೆವ್ವನ ಬಾಯಿ ಉರಿಯತೊಡಗಿತು. ಕ್ಯಾಪಿನ ಪಕ್ಕ ಕೆನ್ನೆಯೊಳಗೆ ಹುಣ್ಣಾಯಿತು. ಡಾಕ್ಟರ ಬಳಿ ಹೋದಳು.

"ಬಾಯಿ ಭಾಳ ಉರೀತೈತ್ರೀ ಸಾಹೇಬ್ರ."

ಡಾಕ್ಟರು ನಕ್ಕರು. "ದಿನಾ ಮೆಣಸಿನಕಾಯಿ ಧೂಳಿನ್ಯಾಗ ಕುಂತರ ಉರೀಲಾರದ ಇರತೈತೇನವ್ವಾ?" ಎಂದು ಮುಲಾಮು ಬರೆದುಕೊಟ್ಟರು.

ಹುಣ್ಣು ಮಾಯಲಿಲ್ಲ. ಅದನ್ನು ನೋಡಿದ ಹೆಂಗಸರಿಗೆ ಅಂಟು ರೋಗವೇನೋ ಎಂಬ ಭಯ ಹುಟ್ಟಿತು. ಎದ್ದು ಹೋಗು ಎಂದು ಯಾರೂ ಹೇಳಲಿಲ್ಲ. ಆದರೆ ಅವಳ ಡಬ್ಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಒಂದು ದಿನ ಅವಳೇ ಎದ್ದು ಚೀಲಗಳ ಹಿಂದೆ ಕೂತು ಉಂಡಳು. ಯಾರೂ ಕರೆಯಲಿಲ್ಲ.

ಕೊನೆಗೆ, ಖಾರದ ಧೂಳೇ ಇರಬಹುದೆಂದು ಕೆಲಸವನ್ನೂ ಬಿಟ್ಟಳು. ಮನೆಯಲ್ಲಿ ಒಬ್ಬಳೇ. ದಿನವೆಲ್ಲ ಮಾತಿಲ್ಲದೆ ಕಳೆದು, ಸಂಜೆ ಹಾಲಿನವನಿಗೆ "ಅರ್ಧ ಲೀಟರ್" ಎಂದಾಗ ತನ್ನ ದನಿ ತನಗೇ ಬೇರೆಯವರದೆನಿಸುತ್ತಿತ್ತು.

ಎರಡು ತಿಂಗಳಾದ ಮೇಲೆ ಮತ್ತೆ ಡಾಕ್ಟರ ಮುಂದೆ ನಿಂತಳು.

"ಮೆಣಸಿನಕಾಯಿ ಬಿಟ್ಟೆ, ಮಂದೀನೂ ಬಿಟ್ಟೆ. ಉರಿ ಮಾತ್ರ ಹಾಂಗ ಐತ್ರೀ."

ಡಾಕ್ಟರ ಕೈಲಿದ್ದ ಪೆನ್ನು ನಿಂತಿತು. ಕುರ್ಚಿ ತೋರಿಸಿ ಕೂರಲು ಹೇಳಿದರು. "ಮೊದಲಿಂದ ಹೇಳವ್ವಾ. ಬ್ಯಾರೆ ಯಾವುದರಿಂದಾದ್ರೂ ಮೈ ಕೆರೆತಾ, ಗಂಧೆ ಎದ್ದಿದ್ವೇನು?"

"ಸಣ್ಣಾಕಿ ಇದ್ದಾಗ ಸಂತ್ಯಾಗಿನ ಬೆಂಡೋಲಿ ಹಾಕ್ಕೊಂಡ್ರ ಕಿವಿ ಸೋರತಿತ್ರೀ. ಅದಕ್ಕ ಬೇವಿನ ಕಡ್ಡಿ ಚುಚ್ಚಿಕೊಂಡಿರತಿದ್ದೆ."

"ಇದನ್ನ ಆವಾಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರೀ."

ಡಾಕ್ಟರು ತಲೆ ತಗ್ಗಿಸಿದರು. ಅವಳನ್ನು ಹುಬ್ಬಳ್ಳಿಯ ಚರ್ಮದ ವೈದ್ಯರ ಬಳಿ ಕಳಿಸಿದರು. ಅವರು ಬೆನ್ನಿಗೆ ಬೇರೆ ಬೇರೆ ಲೋಹದ ಅಂಶ ಸವರಿದ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿದರು. ನಿಕ್ಕಲ್ ತಾಗಿದ್ದ ಜಾಗ ಕೆಂಪಗೆ ಊದಿತ್ತು. ಸಂತೆಯ ಬೆಂಡೋಲಿಯಲ್ಲೂ ಕ್ಯಾಪಿನಲ್ಲೂ ಇದ್ದದ್ದು ಅದೇ ಲೋಹ. ಮಹಾರುದ್ರಪ್ಪನವರು ಅದನ್ನು ಕತ್ತರಿಸಿ ತೆಗೆದು, ಲೋಹವಿಲ್ಲದ ಪಿಂಗಾಣಿ ಕ್ಯಾಪ್ ಹಾಕಿದರು. ಆರು ವಾರದಲ್ಲಿ ಹುಣ್ಣು ಮಾಯಿತು.

ಗುತ್ತೆವ್ವ ಕೆಲಸಕ್ಕೆ ಮರಳಿದಳು. ಊಟದ ಹೊತ್ತಿಗೆ ಮತ್ತೆ ಚೀಲಗಳ ಹಿಂದೆಯೇ ಹೋದಳು. ಇದು ತಿಳಿದು ಡಾಕ್ಟರು ಒಂದು ಮಧ್ಯಾಹ್ನ ತಾವೇ ಗೋದಾಮಿಗೆ ಬಂದರು.

"ತಾಯಂದಿರಾ, ಈಕೀಗೆ ಇದ್ದದ್ದು ಅಂಟು ರೋಗ ಅಲ್ಲ. ನಾ ಹಾಕಿದ ಲೋಹ ಒಗ್ಗಲಿಲ್ಲ. ನಾ ಕೇಳಲಾರದ ಹಾಕಿದೆ. ತಪ್ಪು ನಂದು."

ಅವರಲ್ಲಿ ಮಾಬೂಬಿ ಎಂಬ ಹಿರಿಯಳು ಚೀಲಗಳ ಹಿಂದೆ ಹೋಗಿ ಗುತ್ತೆವ್ವನ ಪಕ್ಕ ಕೂತಳು. ಅವಳ ಡಬ್ಬಿಯ ರೊಟ್ಟಿಯಲ್ಲಿ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. "ನಮ್ಮದೂ ತಪ್ಪಾತವ್ವಾ," ಎಂದಳು.

ಗುತ್ತೆವ್ವ ಡಬ್ಬಿಯನ್ನು ಇಬ್ಬರ ನಡುವೆ ಸರಿಸಿ, ಒಬ್ಬಳೇ ಕಳೆದ ದಿನಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು. ಮಾಬೂಬಿ ಕೊನೆಯವರೆಗೂ ಕೇಳಿದಳು.

ನೀತಿ: ನೋವು ಹೇಳಿಕೊಂಡು ಬಂದವರ ಮಾತನ್ನು ಪೂರ್ತಿ ಕೇಳದೆ ಕಾರಣ ಹೇಳಿಬಿಡಬಾರದು. ಯಾರೂ ಕೇಳಿಸಿಕೊಳ್ಳದ ನೋವು ಮನುಷ್ಯರನ್ನು ಒಂಟಿಯಾಗಿಸುತ್ತದೆ. ಹುಣ್ಣಿಗೆ ಮದ್ದು ಕೊಟ್ಟರೆ ಸಾಲದು, ಆ ಒಂಟಿತನ ಕಳೆಯುವುದೂ ನಮ್ಮ ಕೆಲಸವೇ.