ಬಾಯಿ ಬಿಡದ ಚಹಾಗಿಂಡಿ

ಪದ್ಮರಾಜಯ್ಯನವರು ಚೀನಾದಿಂದ ತರಿಸಿ ಕೂಡಿಟ್ಟ ಮಣ್ಣಿನ ಚಹಾಗಿಂಡಿಗಳಲ್ಲಿ ಕೆಂಪು ಗಿಂಡಿಯೆಂದರೆ ಅವರಿಗೆ ಪ್ರಾಣ. ಒಂದು ದಿನ ಅದರ ತಳ ಕೂದಲೆಳೆಯಷ್ಟು ಬಿರಿದು, ಅಪರೂಪದ ಚೀನೀ ಚಹಾ ಬಿಳಿ ಮೇಜುಬಟ್ಟೆಯ ಮೇಲೆ ಸೋರಿತು. “ಈ ಹಾಳು ಬಟ್ಟಲೇ ಸೋರುತ್ತಿದೆ” ಎಂದು ಅವರು ಪಕ್ಕದಲ್ಲಿದ್ದ ಪುಟ್ಟ ಬಟ್ಟಲನ್ನು ಕಸದ ಬುಟ್ಟಿಗೆ ಹಾಕಿದರು.

“ಗಿಂಡಿಯಕ್ಕಾ, ನಿಜ ಹೇಳಬಾರದೇ?” ಎಂದು ಬಟ್ಟಲು ಕೂಗಿತು. ಗಿಂಡಿ ಬಾಯಿ ಬಿಡಲಿಲ್ಲ.

ಮರುದಿನ ಅಯ್ಯನವರು ಅದರ ಮೈ ಸವರುತ್ತ, “ನಂಬಿದರೆ ನಿನ್ನನ್ನೇ ನಂಬಬೇಕು, ತಾಯೀ” ಎಂದರು. ಕುದಿನೀರಿಗೂ ಬೆದರದ ಗಿಂಡಿ ಆ ಮಾತಿಗೆ ಬೆಂದುಹೋಯಿತು.

“ಒಡೆಯಾ, ಸೋರಿದ್ದು ನಾನು. ಎಸೆದುಬಿಡುತ್ತೀರೆಂದು ಹೆದರಿ ಸುಮ್ಮನಿದ್ದೆ.”

“ಹೇಳಿದ್ದರೆ ಬಿರುಕು ಮುಚ್ಚಿಸುತ್ತಿದ್ದೆನಲ್ಲೇ, ಹುಚ್ಚೀ!” ಎನ್ನುತ್ತ ಅವರು ಬುಟ್ಟಿಯತ್ತ ಓಡಿದರು. ಕಸದ ಗಾಡಿ ಆಗಲೇ ಬಂದು ಹೋಗಿತ್ತು.

ಆಮೇಲೆ ಯಾರು ಎಷ್ಟು ಹೊಗಳಿದರೂ ಗಿಂಡಿಗೆ ಮುಖವೆತ್ತಲಾಗಲಿಲ್ಲ.